ಬಾಲ್ ಕೈಗೆ, ಕಣ್ಣು ಕಾಲಿಗೆ: ಅಮೆರಿಕನ್ ಫುಟ್‌ಬಾಲ್ ಕ್ಯಾಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ನ್ಯೂಜೆರ್ಸಿಯಲ್ಲಿ. ಸೆಪ್ಟೆಂಬರ್ ಬಂತೆಂದರೆ ಭಾನುವಾರ ಮಧ್ಯಾಹ್ನ ನಮ್ಮನೆ ಟಿವಿಯಲ್ಲಿ ಫುಟ್‌ಬಾಲ್. ಊಟಕ್ಕೆ ಬಂದ ಸ್ನೇಹಿತರು, ಊರಿಂದ ಬಂದ ಅಮ್ಮ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಎಲ್ಲರೂ ಸೋಫಾ ಮೇಲೆ ಕೂತು ಹೆಚ್ಚುಕಮ್ಮಿ ಅವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಒಂದು ಕಡೆ ಬರೆದಿಟ್ಟರೆ ವಾಸಿ ಅನ್ನಿಸಿತು.

ಎಲ್ಲಾ ಕೈಯಲ್ಲೇ ನಡೆಯುತ್ತೆ. ಮತ್ಯಾಕೆ ಇದಕ್ಕೆ ಫುಟ್‌ಬಾಲ್ ಅಂತ ಹೆಸರು?

ಸಾಕರ್, ರಗ್ಬಿ, ಇದು, ಮೂರೂ ಒಂದೇ ಮನೆತನದವು. ಮನೆ ಬೇರೆಯಾಯಿತು, ಹೆಸರು ಉಳಿಯಿತು. ಮುಂದಿನ ಪ್ರಶ್ನೆಗೆ ಹೋಗೋಣ.

ಒಂದು ಕ್ಯಾಚ್ ನೋಡಿ "ಅಬ್ಬಾ" ಅನ್ನಬೇಕಾದರೆ ಅದರಲ್ಲಿ ಏನಿರಬೇಕು?

ಎಲ್ಲರೂ ಕೈ ನೋಡುತ್ತಾರೆ. ನಾನು ಹೇಳುವುದು ಕಾಲು ನೋಡಿ ಅಂತ.

ಎನ್‌ಎಫ್‌ಎಲ್ (ಇಲ್ಲಿನ ವೃತ್ತಿಪರ ಲೀಗ್) ನಿಯಮದಲ್ಲಿ ಬಾಲ್ ಹಿಡಿದರೆ ಸಾಲದು. ಹಿಡಿದವನ ಎರಡೂ ಪಾದ ಮೈದಾನದ ಅಂಚಿನ ಗೆರೆಯ ಒಳಗೆ ನೆಲ ಮುಟ್ಟಬೇಕು. ಕಾಲೇಜು ಆಟದಲ್ಲಿ ಒಂದು ಪಾದ ಸಾಕು. ಮೊಣಕಾಲೋ ಮೊಣಕೈಯೋ ಒಳಗೆ ಊರಿದರೆ ಅದೊಂದೇ ಎರಡು ಪಾದಕ್ಕೆ ಸಮ. ಹಾಗಾಗಿ ಗೆರೆ ಹತ್ತಿರ ಬಾಲ್ ಬಂದಾಗ ಆಟಗಾರನ ಮೇಲಿನ ಅರ್ಧ ಮೈ ಗೆರೆ ದಾಟಿ ಬಾಲಿನ ಹಿಂದೆ ಹೋಗಬೇಕು, ಕೆಳಗಿನ ಅರ್ಧ ಗೆರೆಯೊಳಗೇ ನಿಲ್ಲಬೇಕು. ಎರಡಕ್ಕೂ ಕಣ್ಣು ಒಂದೇ ಜೊತೆ, ಅದೂ ಬಾಲಿನ ಮೇಲೆ ನೆಟ್ಟಿರುತ್ತದೆ. ಗೆರೆ ಎಲ್ಲಿದೆ ಅಂತ ಕಾಲಿಗೆ ತಾನಾಗಿಯೇ ಗೊತ್ತಿರಬೇಕು.

ನನ್ನ ಲೆಕ್ಕದಲ್ಲಿ ಇದರಲ್ಲಿ ಮೊದಲ ಸ್ಥಾನ ಸ್ಯಾಂಟೋನಿಯೊ ಹೋಮ್ಸ್ ಕ್ಯಾಚಿಗೆ. 2009ರ ಫೆಬ್ರುವರಿ 1, ಟ್ಯಾಂಪಾ, 43ನೇ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮೂರು ಅಂಕ ಹಿಂದಿದೆ. ಒಂದು ಎಸೆತದ ಮುಂಚೆ, ಎಡ ಮೂಲೆಯಲ್ಲಿ ಇದೇ ಹೋಮ್ಸ್ ಕೈಗೆ ಬಂದ ಬಾಲನ್ನು ಬಿಟ್ಟಿದ್ದ. ಗೆಲುವು ಕೈಯಿಂದ ಜಾರಿತು ಅಂತ ಬೇರೆಯವನಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ. ಕ್ವಾರ್ಟರ್‌ಬ್ಯಾಕ್ (ಬಾಲ್ ಎಸೆಯುವವನು) ಬೆನ್ ರಾತ್ಲಿಸ್‌ಬರ್ಗರ್ ಮತ್ತೆ ಅವನಿಗೇ ಎಸೆದ, ಈ ಸಲ ಬಲ ಮೂಲೆಗೆ. ಸುತ್ತ ಎದುರಾಳಿಗಳು ಮೂರು ಜನ. ಬಾಲ್ ಅವರೆಲ್ಲರ ಕೈ ಮೇಲಿಂದ ಬಂತು. ಹೋಮ್ಸ್ ತುದಿಗಾಲಲ್ಲಿ ನಿಂತು ಕೈ ಚಾಚಿದ. ಮೈ ಪೂರ್ತಿ ಹೊರಕ್ಕೆ ಓಲಿದೆ, ಬೀಳ್ತಾ ಇದಾನೆ, ಎರಡು ಶೂಗಳ ತುದಿ ಮಾತ್ರ ಹುಲ್ಲಿಗೆ ಅಂಟಿಕೊಂಡಂತಿವೆ. ರೆಫರಿಗಳು ರಿಪ್ಲೇ ನೋಡಿದರು, ಟಚ್‌ಡೌನ್ (ಬಾಲನ್ನು ಅಂಕದ ಜಾಗಕ್ಕೆ ಸೇರಿಸುವುದು) ಉಳಿಯಿತು. ಆಗ 35 ಸೆಕೆಂಡ್ ಬಾಕಿ. ಸ್ಟೀಲರ್ಸ್ 27, ಅರಿಜೋನಾ ಕಾರ್ಡಿನಲ್ಸ್ 23.

ಆ ಕ್ಯಾಚ್ ಗಜದ ಲೆಕ್ಕದಲ್ಲಿ ಬರೀ ಆರು ಗಜದ್ದು. ನೆಗೆದಿದ್ದೂ ಇಲ್ಲ, ಪಲ್ಟಿ ಹೊಡೆದಿದ್ದೂ ಇಲ್ಲ.

ಒಂದೇ ಕೈಯಲ್ಲಿ ಹಿಡಿದ ಆ ವಿಡಿಯೊ? ಅದಕ್ಕಿಂತ ಮೇಲಿನದು ಉಂಟಾ?

ಓಡೆಲ್ ಬೆಕ್‌ಹ್ಯಾಮ್ ಜೂನಿಯರ್‌ದು ತಾನೇ? ಈ ಪ್ರಶ್ನೆ ಬಂದೇ ಬರುತ್ತೆ. ತಂಡದ ಹೆಸರು ನ್ಯೂಯಾರ್ಕ್ ಜೈಂಟ್ಸ್, ಆಡೋದು ಮಾತ್ರ ನಮ್ಮ ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಮ್ಮಿನಲ್ಲಿ. 2014ರ ನವೆಂಬರ್ 23ರ ಭಾನುವಾರ ರಾತ್ರಿ, ಎದುರಿಗೆ ಡಲ್ಲಾಸ್ ಕೌಬಾಯ್ಸ್. ಹುಡುಗನಿಗೆ ಅದು ಮೊದಲ ವರ್ಷ.

ನಿಧಾನವಾಗಿ ನೋಡಿ. ಬಲಬದಿಯ ಗೆರೆ ಪಕ್ಕ ಓಡುತ್ತಿದ್ದಾನೆ. ಅವನನ್ನು ತಡೆಯಲು ಜೊತೆಗೇ ಓಡುತ್ತಿದ್ದ ಎದುರಾಳಿ ಬ್ರಾಂಡನ್ ಕಾರ್ ಹಿಡಿದೆಳೆಯುತ್ತಾನೆ. ರೆಫರಿ ತಪ್ಪೆಂದು ಹಳದಿ ಬಟ್ಟೆ ಎಸೆದೂ ಆಯಿತು. ಈಲೈ ಮ್ಯಾನಿಂಗ್ ಎಸೆದ ಬಾಲ್ ತಲೆ ದಾಟಿ ಹೋಗುವಷ್ಟು ಮೇಲಿದೆ. ಬೆಕ್‌ಹ್ಯಾಮ್ ಹಿಂದಕ್ಕೆ ಹಾರುತ್ತಾನೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಬಲಗೈ ತಲೆಯ ಹಿಂದಕ್ಕೆ ಚಾಚುತ್ತದೆ. ಬಾಲ್ ನಿಂತಿದ್ದು ಹೆಬ್ಬೆರಳು ಮತ್ತು ಎರಡು ಬೆರಳಿನ ತುದಿಯಲ್ಲಿ. ಬಿದ್ದಿದ್ದು ಎಂಡ್ ಝೋನಿನ (ಮೈದಾನದ ತುದಿಯ ಅಂಕದ ಜಾಗ) ಒಳಗೆ, ಗೆರೆಗೆ ಕೂದಲೆಳೆ ದೂರದಲ್ಲಿ. 43 ಗಜದ ಟಚ್‌ಡೌನ್.

ಬೆರಳು ನೋಡಿದವರು ಆ ಬೀಳುವ ಜಾಗ ನೋಡಿರಲ್ಲ. ಮೂರು ಬೆರಳಲ್ಲಿ ಹಿಡಿದು ನಾಲ್ಕು ಅಂಗುಲ ಆಚೆ ಬಿದ್ದಿದ್ದರೆ ಅದು ಸುಮ್ನೆ ಒಂದು ಒಳ್ಳೆಯ ಫೋಟೊ ಆಗಿರುತ್ತಿತ್ತು. ಇನ್ನೊಂದು ವಿಷಯ. ಆಟಕ್ಕೆ ಮುಂಚಿನ ಅಭ್ಯಾಸದಲ್ಲಿ ಅವನು ಒಂದು ಕೈಯಲ್ಲಿ ಹಿಡಿಯುವುದನ್ನೇ ಮಾಡುತ್ತಿದ್ದ. ಜನ ಅದನ್ನ ಶೋಕಿ ಅಂದುಕೊಂಡಿದ್ದರು.

ಇನ್ನೊಂದು ಕೈ ಬಿಡುವಿರುವಾಗಲೂ ಒಂದೇ ಕೈ ಹಾಕುವವರಿದ್ದಾರೆ. ಅದಕ್ಕೆ ನನ್ನಿಂದ ಅಂಕ ಇಲ್ಲ. ಬೇರೆ ದಾರಿಯೇ ಇಲ್ಲದಾಗ ಹಾಕಿದ ಒಂದು ಕೈಗೆ ಬೆಲೆ. 2022ರ ನವೆಂಬರ್ 13ರಂದು ಬಫಲೊ ಬಿಲ್ಸ್ ವಿರುದ್ಧ ಮಿನೆಸೋಟದ ಜಸ್ಟಿನ್ ಜೆಫರ್ಸನ್ ಹಿಡಿದದ್ದು ಅಂಥದ್ದು. ನಾಲ್ಕು ಅವಕಾಶಗಳಲ್ಲಿ ಕೊನೆಯದು, ಬಾಲ್ ಉಳಿಸಿಕೊಳ್ಳಲು ಬೇಕಾಗಿದ್ದು 18 ಗಜ. ಎದುರಾಳಿ ಎರಡು ಕೈಯಲ್ಲಿ ಬಾಲನ್ನು ಅಪ್ಪಿಕೊಳ್ಳಲು ಹೊರಟಿದ್ದಾನೆ. ಇವನು ಒಂದು ಕೈಯಲ್ಲಿ ಕಿತ್ತುಕೊಂಡು, ಬೀಳುತ್ತಾ ಎದೆಗೆ ಎಳೆದುಕೊಂಡ. ಮಗುವಿನ ಕೈಯಿಂದ ಚಾಕು ಕಿತ್ತುಕೊಂಡಷ್ಟು ಜೋಪಾನ, ಅಷ್ಟೇ ಅವಸರ.

"ಅವನು ಹಿಡಿದನಲ್ಲಪ್ಪಾ, ಮತ್ಯಾಕೆ ಆಗಲ್ಲ ಅಂತಾರೆ?"

ಇದು ಅಮ್ಮನ ಪ್ರಶ್ನೆ. ಇದೇ ಪ್ರಶ್ನೆಗೆ ಇಲ್ಲಿನವರು ವರ್ಷಗಟ್ಟಲೆ ಜಗಳ ಆಡಿದ್ದಾರೆ, ಹಾಗಾಗಿ ಅಮ್ಮಂದೇನೂ ತಪ್ಪಿಲ್ಲ.

2010ರ ಸೆಪ್ಟೆಂಬರ್ 12. ಡೆಟ್ರಾಯಿಟ್ ಲಯನ್ಸ್ ತಂಡದ ಕ್ಯಾಲ್ವಿನ್ ಜಾನ್ಸನ್ ಶಿಕಾಗೊ ಬೇರ್ಸ್ ವಿರುದ್ಧ ಕೊನೇ ನಿಮಿಷದಲ್ಲಿ ಎಂಡ್ ಝೋನಿನಲ್ಲಿ ಬಾಲ್ ಹಿಡಿದ. ಎರಡು ಕಾಲೂ ಊರಿದ, ಬಿದ್ದ. ಏಳುವಾಗ ಒಂದು ಕೈಯಲ್ಲಿದ್ದ ಬಾಲ್ ನೆಲಕ್ಕೆ ತಾಗಿ ಅಲ್ಲೇ ಉಳಿಯಿತು. ಅಷ್ಟಕ್ಕೇ ಕ್ಯಾಚ್ ಇಲ್ಲ ಅಂದುಬಿಟ್ಟರು. ಆಗಿನ ನಿಯಮದ ಪ್ರಕಾರ ಹಿಡಿಯುತ್ತಾ ಬಿದ್ದರೆ ನೆಲಕ್ಕೆ ಬಿದ್ದು ಮುಗಿಯುವವರೆಗೂ ಬಾಲ್ ಕೈಯಲ್ಲಿ ಅಲ್ಲಾಡಬಾರದು. ಲಯನ್ಸ್ 14–19ರಲ್ಲಿ ಸೋತರು.

ಅದಕ್ಕಿಂತ ದೊಡ್ಡ ಗಲಾಟೆ ಡೆಜ್ ಬ್ರಯಂಟ್‌ದು. 2015ರ ಜನವರಿ 11, ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡ್, ಚಳಿ. ಕೌಬಾಯ್ಸ್‌ಗೆ ಕೊನೇ ಅವಕಾಶ. ಬ್ರಯಂಟ್ ಎದುರಾಳಿಯ ತಲೆ ಮೇಲಿಂದ ಬಾಲ್ ಕಿತ್ತುಕೊಂಡು, ಹೆಜ್ಜೆ ಹಾಕಿ, ಅಂಕದ ಗೆರೆ ಕಡೆಗೆ ಕೈ ಚಾಚಿ ಬಿದ್ದ. ಬಾಲಿನ ತುದಿ ನೆಲಕ್ಕೆ ಬಡಿದು ಮೇಲೆ ಚಿಮ್ಮಿತು, ಮತ್ತೆ ಹಿಡಿದುಕೊಂಡ. ಮೊದಲು ಕ್ಯಾಚ್ ಅಂದರು, ರಿಪ್ಲೇ ನೋಡಿ ಅಲ್ಲ ಅಂದರು. ಗ್ರೀನ್ ಬೇ ಪ್ಯಾಕರ್ಸ್ 26–21ರಿಂದ ಗೆದ್ದರು.

2018ರಲ್ಲಿ ನಿಯಮ ಬದಲಾಯಿತು. ಈಗ ಕೇಳುವುದು ಇಷ್ಟು: ಬಾಲ್ ಹತೋಟಿಯಲ್ಲಿದೆಯಾ, ಎರಡು ಪಾದವೋ ಮೈಯ ಬೇರೆ ಭಾಗವೋ ಒಳಗೆ ಊರಿತಾ, ಆಮೇಲೆ ಮೂರನೇ ಹೆಜ್ಜೆ ಇಡುವುದೋ ಗೆರೆಗೆ ಕೈ ಚಾಚುವುದೋ ಇಂಥ ಒಂದು ಕೆಲಸ ಮಾಡಿದನಾ ಅಥವಾ ಮಾಡುವಷ್ಟು ಹೊತ್ತು ಸಿಕ್ಕಿತಾ. ಈ ನಿಯಮ ಆಗ ಇದ್ದಿದ್ದರೆ ಬ್ರಯಂಟ್ ಕ್ಯಾಚ್ ಉಳಿಯುತ್ತಿತ್ತು ಅಂತ ನಾನು ನಂಬುತ್ತೇನೆ. ನಮ್ಮ ಪಕ್ಕದ ಮನೆಯ ಪ್ಯಾಕರ್ಸ್ ಅಭಿಮಾನಿ ಮಾತ್ರ ಒಪ್ಪಲ್ಲ.

ಅಮ್ಮನಿಗೆ ಇಷ್ಟೆಲ್ಲ ಹೇಳಿದ ಮೇಲೆ ಬಂದ ಮಾತು: "ಅಂದ್ರೆ ಹಿಡಿದ್ರೂ ಹಿಡಿದಿಲ್ಲ ಅಂತಾನಾ? ಕೋರ್ಟು ಕೇಸಿದ್ದಂಗೆ ಇದೆ."

ಕ್ರಿಕೆಟ್ ಕ್ಯಾಚಿಗಿಂತ ಇದು ಕಷ್ಟಾನಾ?

ಕಷ್ಟದ ಜಾತಿ ಬೇರೆ. ಸ್ಲಿಪ್‌ನಲ್ಲಿ ನಿಂತವನಿಗೆ ಸಿಗುವಷ್ಟು ಕಡಿಮೆ ಸಮಯ ಫುಟ್‌ಬಾಲಿನಲ್ಲಿ ಯಾರಿಗೂ ಸಿಗಲ್ಲ. ನಮ್ಮ ದ್ರಾವಿಡ್ ಟೆಸ್ಟಿನಲ್ಲಿ ಹಿಡಿದ 210 ಕ್ಯಾಚುಗಳನ್ನು ನೆನೆಸಿಕೊಳ್ಳಿ. ಬಾಲ್ ಬಂದ ಹಾಗೇ ಕೈಯನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು ಹೊಡೆತ ಇಳಿಸುವ ಆ ಮೃದು ಕೈ ಇದೆಯಲ್ಲ, ಒಳ್ಳೆ ರಿಸೀವರ್‌ಗೂ (ಬಾಲ್ ಹಿಡಿಯುವವನಿಗೂ) ಅದೇ ಬೇಕು.

ಆದರೆ ಸ್ಲಿಪ್‌ನಲ್ಲಿ ನಿಂತ ದ್ರಾವಿಡ್ ಅವರನ್ನು ಯಾರೂ ಗುದ್ದುತ್ತಿರಲಿಲ್ಲ. ಇಲ್ಲಿ ಬಾಲ್ ಬರುವ ಹೊತ್ತಿಗೆ ನೂರು ಕಿಲೋ ತೂಕದ ಒಬ್ಬ ಪಕ್ಕೆಗೆ ಬಂದು ಬಡಿಯುತ್ತಾನೆ. ಬಡಿಯುತ್ತಾನೆ ಅಂತ ಮೊದಲೇ ಗೊತ್ತು. ಗೊತ್ತಿದ್ದೂ ಕಣ್ಣು ಮಿಟುಕಿಸದೆ ಇರುವುದು ಬೇರೆಯೇ ಧೈರ್ಯ. ಬಾಲೂ ದುಂಡಗಿಲ್ಲ. ಎರಡು ತುದಿ ಚೂಪಾದ, 400 ಗ್ರಾಂ ಆಸುಪಾಸಿನ ಚರ್ಮದ ಕಾಯಿ. ಕ್ರಿಕೆಟ್ ಬಾಲಿಗಿಂತ ಎರಡೂವರೆ ಪಟ್ಟು ಭಾರ. ಬೆರಳಿಗೆ ತಾಗಿದರೆ ಯಾವ ಕಡೆ ಹಾರುತ್ತೆ ಅಂತ ಹೇಳೋಕಾಗಲ್ಲ.

1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಕಪಿಲ್ ದೇವ್ ಹಿಂದಕ್ಕೆ ಓಡಿ ರಿಚರ್ಡ್ಸ್ ಕ್ಯಾಚ್ ಹಿಡಿದರಲ್ಲ, ಭುಜದ ಮೇಲಿಂದ ಬರುವ ಬಾಲನ್ನು ನೋಡುತ್ತಾ ಓಡುವುದು. ಫುಟ್‌ಬಾಲಿನ ಉದ್ದನೆಯ ಕ್ಯಾಚುಗಳೆಲ್ಲ ಅದೇ ಕುಲದವು. 2024ರ ಟಿ20 ವಿಶ್ವಕಪ್ ಫೈನಲ್ಲಿನಲ್ಲಿ ಸೂರ್ಯಕುಮಾರ್ ಯಾದವ್ ಬೌಂಡರಿ ಹತ್ತಿರ ಹಿಡಿದದ್ದು ಹೋಮ್ಸ್ ಕ್ಯಾಚಿನ ದಾಯಾದಿ. ಒಂದೇ ವ್ಯತ್ಯಾಸ. ಸೂರ್ಯನಿಗೆ ಬಾಲನ್ನು ಮೇಲೆ ಎಸೆದು, ಗೆರೆ ದಾಟಿ, ಮತ್ತೆ ಒಳಗೆ ಬಂದು ಹಿಡಿಯುವ ಅವಕಾಶ ಇತ್ತು. ಹೋಮ್ಸ್‌ಗೆ ಅಂಥ ಎರಡನೇ ಅವಕಾಶ ಇರಲಿಲ್ಲ.

ಇನ್ನೂ ಒಂದು. ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಒಬ್ಬನ ಆಟ ಮುಗಿಯಿತು. ಇಲ್ಲಿ ಎಷ್ಟೋ ಸಲ ಹಿಡಿದ ಮೇಲೇ ಓಟ ಶುರು.

ಕೈಗೆ ಅಂಟು ಗ್ಲೌಸ್ ಹಾಕಿಕೊಂಡರೆ ಯಾರು ಬೇಕಾದರೂ ಹಿಡೀಬಹುದು ಬಿಡಿ, ಅಲ್ವಾ?

ಗ್ಲೌಸ್ ಸಹಾಯ ಮಾಡುತ್ತೆ, ಸುಳ್ಳು ಹೇಳಲ್ಲ. ಈಗಿನವುಗಳ ಅಂಗೈಗೆ ಸಿಲಿಕೋನ್ ಪದರ ಇರುತ್ತದೆ. ಹಿಂದೆ ಇದಕ್ಕಿಂತ ಮೋಸದ ಸಂಗತಿ ಇತ್ತು: ಸ್ಟಿಕಮ್ ಅನ್ನುವ ಗೋಂದಿನಂಥ ಅಂಟು. ಆಗ ಓಕ್‌ಲ್ಯಾಂಡ್‌ನಲ್ಲಿದ್ದ ರೇಡರ್ಸ್ ತಂಡದ ಫ್ರೆಡ್ ಬಿಲೆಟ್ನಿಕಾಫ್, ಲೆಸ್ಟರ್ ಹೇಯ್ಸ್ ಅದನ್ನು ಮೆತ್ತಿಕೊಂಡು ಆಡುತ್ತಿದ್ದರು. 1981ರಲ್ಲಿ ಅದನ್ನು ನಿಷೇಧಿಸಿದರು. ತಮಾಷೆ ಅಂದರೆ, ಈಗ ಕಾಲೇಜು ಆಟದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಪ್ರಶಸ್ತಿ ಬಿಲೆಟ್ನಿಕಾಫ್ ಹೆಸರಿನಲ್ಲೇ ಇದೆ.

ಬೆಕ್‌ಹ್ಯಾಮ್ ಕ್ಯಾಚ್ ಬರಿಗೈಯಲ್ಲಿ ಆಗುತ್ತಿತ್ತಾ? ನನಗೆ ಅನುಮಾನ. ಆದರೆ ಗ್ಲೌಸ್ ಯಾರನ್ನೂ ಹಿಂದಕ್ಕೆ ಹಾರಿಸಲ್ಲ, ಕಾಲನ್ನು ಗೆರೆಯೊಳಗೆ ಇಡಲ್ಲ.

ಇದನ್ನೆಲ್ಲ ಅಭ್ಯಾಸ ಹೇಗೆ ಮಾಡ್ತಾರೆ?

ಜೆರ್ರಿ ರೈಸ್ ಕಥೆ ಕೇಳಿ. ಮಿಸಿಸಿಪಿಯ ಗಾರೆ ಮೇಸ್ತ್ರಿಯ ಮಗ. ಬೇಸಿಗೆಯಲ್ಲಿ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದ. ಇವನು ಮೇಲೆ ನಿಂತಿದ್ದರೆ ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದರು, ಹಿಡಿದು ಅಪ್ಪನಿಗೆ ಕೊಡಬೇಕು. ನಮ್ಮೂರಲ್ಲಿ ಮನೆ ಕಟ್ಟುವ ಕಡೆ ನೋಡಿಲ್ವಾ, ಮಾತಾಡ್ತಾ ಮಾತಾಡ್ತಾನೇ ಒಬ್ಬರಿಂದ ಒಬ್ಬರಿಗೆ ಇಟ್ಟಿಗೆ ಹಾರುತ್ತಿರುತ್ತೆ, ಅದೇ ಕೆಲಸ. ಇಟ್ಟಿಗೆಯನ್ನು ಗಟ್ಟಿ ಕೈಯಲ್ಲಿ ಹಿಡಿದರೆ ಬೆರಳು ಜಜ್ಜುತ್ತೆ. ಹಾಗಾಗಿ ಕೈ ತಾನೇ ಮೃದುವಾಗುವುದನ್ನು ಕಲಿಯುತ್ತೆ. ಆ ಹುಡುಗ ಮುಂದೆ ಎನ್‌ಎಫ್‌ಎಲ್‌ನಲ್ಲಿ ಹಿಡಿದದ್ದು 1,549 ಕ್ಯಾಚ್. ಇವತ್ತಿಗೂ ದಾಖಲೆ.

ಸ್ಟೀಲರ್ಸ್ ತಂಡದ ಲಿನ್ ಸ್ವಾನ್ ಚಿಕ್ಕಂದಿನಲ್ಲಿ ಕಲಿತದ್ದು ಬ್ಯಾಲೆ ನೃತ್ಯ. 1976ರ ಜನವರಿಯ ಸೂಪರ್ ಬೌಲ್‌ನಲ್ಲಿ ಎದುರಾಳಿಯ ಮೇಲೆ ಬೀಳುತ್ತಾ, ಚಿಮ್ಮಿದ ಬಾಲನ್ನು ಮತ್ತೆ ಹಿಡಿದ 53 ಗಜದ ಕ್ಯಾಚ್ ನೋಡಿದರೆ ನೃತ್ಯ ಎಲ್ಲಿ ಕೆಲಸಕ್ಕೆ ಬಂತು ಅಂತ ಗೊತ್ತಾಗುತ್ತೆ. ಅವತ್ತು ನಾಲ್ಕೇ ಕ್ಯಾಚಿನಲ್ಲಿ 161 ಗಜ.

ಅರ್ಧಕ್ಕರ್ಧ ಅದೃಷ್ಟ ಅಲ್ವಾ ಇದು?

ಕೆಲವಂತೂ ಹೌದು. ಅದೃಷ್ಟವನ್ನು ಬಯ್ಯಬೇಡಿ, ಅದಿಲ್ಲದೆ ಈ ಆಟಕ್ಕೆ ಉಪ್ಪೇ ಇಲ್ಲ.

1972ರ ಡಿಸೆಂಬರ್ 23, ಪಿಟ್ಸ್‌ಬರ್ಗ್. ರೇಡರ್ಸ್ 7, ಸ್ಟೀಲರ್ಸ್ 6, ಉಳಿದದ್ದು 22 ಸೆಕೆಂಡ್. ಟೆರ್ರಿ ಬ್ರಾಡ್‌ಶಾ ಎಸೆದದ್ದು ಬೇರೊಬ್ಬನಿಗೆ. ಇಬ್ಬರು ಢಿಕ್ಕಿ ಹೊಡೆದು ಬಾಲ್ ಹಿಂದಕ್ಕೆ ಚಿಮ್ಮಿತು. ಹಿಂದಿನಿಂದ ಓಡಿ ಬರುತ್ತಿದ್ದ ಫ್ರಾಂಕೊ ಹ್ಯಾರಿಸ್ ಅದನ್ನು ಶೂ ಮಟ್ಟದಲ್ಲಿ ಎತ್ತಿಕೊಂಡು ಓಡಿಯೇ ಬಿಟ್ಟ. ಬಾಲ್ ಚಿಮ್ಮಿದ್ದು ಯಾರ ಮೈಗೆ ತಾಗಿ ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಚಿಮ್ಮಿದ್ದು ಅದೃಷ್ಟ, ಸರಿ. ಆದರೆ ಆ ಎಸೆತದಲ್ಲಿ ಹ್ಯಾರಿಸ್ ಕೆಲಸ ಕ್ವಾರ್ಟರ್‌ಬ್ಯಾಕನ್ನು ಕಾಯುವುದಷ್ಟೇ. ಬಾಲ್ ಹೋದ ಮೇಲೆ ಸುಮ್ಮನೆ ನಿಲ್ಲಬಹುದಿತ್ತು. ಅವನ ಕಾಲು ಬಾಲಿನ ಹಿಂದೆ ಓಡಿತು. ನೋಡಿ, ಮತ್ತೆ ಕಾಲಿಗೇ ಬಂದೆ. ಆ ಕ್ಯಾಚಿಗೆ 50 ವರ್ಷ ತುಂಬುವ ಕೆಲವೇ ದಿನ ಮೊದಲು, 2022ರ ಡಿಸೆಂಬರ್‌ನಲ್ಲಿ ಹ್ಯಾರಿಸ್ ತೀರಿಕೊಂಡರು.

2008ರ ಫೆಬ್ರುವರಿ 3ರಂದು ಜೈಂಟ್ಸ್ ತಂಡದ ಡೇವಿಡ್ ಟೈರಿ ಬಾಲನ್ನು ತನ್ನ ಹೆಲ್ಮೆಟ್ಟಿಗೇ ಒತ್ತಿ ಹಿಡಿದ. ಅಲ್ಲಿಯವರೆಗೆ ಆ ವರ್ಷ ಒಂದೂ ಸೋಲದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರಿಗೆ. ಮೈಮೇಲೆ ನೇತಾಡುತ್ತಿದ್ದ ರಾಡ್ನಿ ಹ್ಯಾರಿಸನ್ ಕೈ ಬಡಿದು ಕೆಡವಲು ನೋಡಿದ. ಹಿಮ್ಮುಖ ಬಿದ್ದರೂ ಬಾಲ್ ನೆಲಕ್ಕೆ ತಾಗಲಿಲ್ಲ. ಟೈರಿ ದೊಡ್ಡ ರಿಸೀವರ್ ಏನಲ್ಲ. ಎನ್‌ಎಫ್‌ಎಲ್‌ನಲ್ಲಿ ಅವನು ಹಿಡಿದ ಕೊನೆಯ ಬಾಲೂ ಅದೇ.

ಎಲ್ಲಾ ಹೊಗಳಿಕೆ ಹಿಡಿದವನಿಗೇ. ಎಸೆದವನ ಪಾಲು?

49ಅರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಕೇಳಬೇಕಾದ ಪ್ರಶ್ನೆ. 1982ರ ಜನವರಿ 10, ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಮೂವರು ಅಟ್ಟಿಸಿಕೊಂಡು ಬರುತ್ತಿದ್ದಾರೆ. ಓಡುತ್ತಲೇ, ಹಿಂದಕ್ಕೆ ವಾಲುತ್ತಲೇ ಅವನು ಬಾಲನ್ನು ಎಷ್ಟು ಮೇಲೆ ಎಸೆದ ಅಂದರೆ ಬೇಕಂತಲೇ ಹೊರಗೆ ಬಿಸಾಕಿದ ಅಂತ ಎಷ್ಟೋ ಜನ ಅಂದುಕೊಂಡರು. ಡ್ವೈಟ್ ಕ್ಲಾರ್ಕ್ ನೆಗೆದು ಬೆರಳ ತುದಿಯಲ್ಲಿ ಹಿಡಿದ. ಬರಿಗೈ. 49ಅರ್ಸ್ 28, ಕೌಬಾಯ್ಸ್ 27. ಕ್ಲಾರ್ಕ್ ಬಿಟ್ಟರೆ ಬೇರೆ ಯಾರಿಗೂ ಸಿಗದ ಎತ್ತರಕ್ಕೆ ಹಾಕಿದ್ದೇ ಆ ಎಸೆತದ ಜಾಣತನ. ಇಲ್ಲಿನವರು ಅದನ್ನು ಬರೀ "ದ ಕ್ಯಾಚ್" ಅನ್ನುತ್ತಾರೆ, ಎಸೆತಕ್ಕೆ ಹೆಸರೇ ಇಲ್ಲ.

ಸಾಂತಾ ಕ್ಲಾರಾ ಕಡೆ ಇರುವ ಕನ್ನಡದವರಿಗೆ ಒಂದು ಮಾತು: ಲೀವೈಸ್ ಸ್ಟೇಡಿಯಮ್ಮಿನ ಹತ್ತಿರ ಹೋದರೆ ಇಬ್ಬರ ಪ್ರತಿಮೆಯನ್ನೂ ನೋಡಿ. ಒಬ್ಬನನ್ನು ಬಿಟ್ಟು ಒಬ್ಬನನ್ನು ನಿಲ್ಲಿಸಿಲ್ಲ, ಅಷ್ಟರ ಮಟ್ಟಿಗೆ ನ್ಯಾಯ ಸಿಕ್ಕಿದೆ.

ತಂಡ ಸೋತರೆ ಆ ಕ್ಯಾಚಿಗೆ ಬೆಲೆ ಇಲ್ವಾ?

ಬೆಕ್‌ಹ್ಯಾಮ್ ರಾತ್ರಿ ಜೈಂಟ್ಸ್ 28–31ರಲ್ಲಿ ಸೋತರು. ಅದು ಯಾರಿಗೆ ನೆನಪಿದೆ ಹೇಳಿ?

ನನ್ನ ಹೊಟ್ಟೆ ಉರಿಯುವುದು ಜರ್ಮೇನ್ ಕರ್ಸ್ ವಿಷಯಕ್ಕೆ. 2015ರ ಫೆಬ್ರುವರಿ 1, ಸಿಯಾಟಲ್ ಸೀಹಾಕ್ಸ್ ಮತ್ತು ಪೇಟ್ರಿಯಟ್ಸ್ ನಡುವಿನ ಸೂಪರ್ ಬೌಲ್. ಸಿಯಾಟಲ್ ನಾಲ್ಕು ಅಂಕ ಹಿಂದೆ. ಕರ್ಸ್‌ಗೆ ಬಂದ ಬಾಲನ್ನು ಮಾಲ್ಕಮ್ ಬಟ್ಲರ್ ಅನ್ನುವ ಹೊಸ ಹುಡುಗ ತಟ್ಟಿಬಿಟ್ಟ. ಇಬ್ಬರೂ ಬಿದ್ದರು. ಬಾಲ್ ಕರ್ಸ್ ಕಾಲಿಗೆ ಬಡಿದು ಚಿಮ್ಮಿತು. ಅಂಗಾತ ಮಲಗಿದ್ದ ಹಾಗೇ ಅವನು ಅದನ್ನು ಕೈಯಿಂದ ತಟ್ಟಿ, ಮತ್ತೆ ಹಿಡಿದು, ಎದ್ದು ಓಡಲು ಹೊರಟ. 33 ಗಜ. ಅಂಕದ ಗೆರೆಗೆ ಐದೇ ಗಜ. ಸಿಯಾಟಲ್ ಗೆದ್ದಿದ್ದರೆ ಇವತ್ತು ಕರ್ಸ್ ಪ್ರತಿಮೆ ಇರುತ್ತಿತ್ತೇನೋ.

ಮುಂದಿನ ಸಲ ಮಾರ್ಷಾನ್ ಲಿಂಚ್ ಬಾಲ್ ಹಿಡಿದು ನಾಲ್ಕು ಗಜ ನುಗ್ಗಿದ. ಒಂದೇ ಗಜ ಉಳಿದಿದ್ದಾಗ ಸಿಯಾಟಲ್ ಕ್ವಾರ್ಟರ್‌ಬ್ಯಾಕ್ ರಸಲ್ ವಿಲ್ಸನ್ ಬಾಲ್ ಎಸೆದ. ಅದೇ ಬಟ್ಲರ್ ಮುಂದೆ ನುಗ್ಗಿ ಅದನ್ನು ಕಸಿದುಕೊಂಡ. ಆಟ ಮುಗಿಯಿತು, 28–24. ಎದುರಾಳಿ ಹಿಡಿಯುವುದೂ ಕ್ಯಾಚೇ ತಾನೇ? ಆ ರಾತ್ರಿಯ ದೊಡ್ಡ ಕ್ಯಾಚ್ ಬಟ್ಲರ್‌ದು ಅನ್ನುವುದನ್ನು ಒಪ್ಪುತ್ತೇನೆ. ಆದರೂ ಕರ್ಸ್‌ದನ್ನು ಒಂದ್ಸಲ ಹುಡುಕಿ ನೋಡಿ.

*(ಆ ಕೊನೇ ಗಜಕ್ಕೂ ಬಾಲನ್ನು ಲಿಂಚ್‌ಗೇ ಕೊಡಬೇಕಿತ್ತು ಅಂತ ಸಿಯಾಟಲ್ ಜನ ಈಗಲೂ ಕೊರಗುತ್ತಾರೆ.)*

ನಾನೂ ಪಾರ್ಕಿನಲ್ಲಿ ಹಿಡಿದು ನೋಡಬಹುದಾ?

ಧಾರಾಳವಾಗಿ. ಎದೆಗಿಂತ ಮೇಲೆ ಬಂದರೆ ಎರಡು ಹೆಬ್ಬೆರಳು, ತೋರುಬೆರಳು ಸೇರಿಸಿ ಕಿಟಕಿ ಮಾಡಿಕೊಳ್ಳಿ, ಬಾಲಿನ ಮೂತಿ ಆ ಕಿಟಕಿಗೆ ಬರಬೇಕು. ಸೊಂಟಕ್ಕಿಂತ ಕೆಳಗೆ ಬಂದರೆ ಕಿರುಬೆರಳುಗಳನ್ನು ಸೇರಿಸಿ. ಎದೆಗೆ ಬಡಿಸಿಕೊಂಡು ಅಪ್ಪಿಕೊಳ್ಳಬೇಡಿ, ಚಿಮ್ಮಿ ಹೋಗುತ್ತೆ. ಕಣ್ಣು ಬಾಲ್ ಕೈಗೆ ಸೇರುವವರೆಗೂ ಅದರ ಮೇಲೇ ಇರಲಿ. ನಾನು ಮೊದಲ ದಿನವೇ ಕ್ರಿಕೆಟ್ ಬಾಲಿಗೆ ಮಾಡುವ ಹಾಗೆ ಬೊಗಸೆ ಒಡ್ಡಿದೆ. ಬಾಲಿನ ಚೂಪು ತುದಿ ಉಂಗುರದ ಬೆರಳಿಗೆ ನೇರ ಬಡಿಯಿತು. ಎರಡು ವಾರ ಅನ್ನ ಕಲಸಲು ಎಡಗೈ ಬಳಸಿದ್ದಕ್ಕೆ ಅಮ್ಮನಿಂದ ಫೋನಿನಲ್ಲೇ ಬೈಗುಳ.

ಟಿವಿಯಲ್ಲಿ ನೋಡುವಾಗ ಏನು ಗಮನಿಸಬೇಕು?

ಮೊದಲ ಸಲ ಹಾಗೇ ನೋಡಿ, ಕೂಗಾಡಿ. ರಿಪ್ಲೇ ಬಂದಾಗ ಕೈ ಬಿಟ್ಟು ಶೂ ನೋಡಿ. ಮೂರನೇ ಸಲ ತೋರಿಸಿದರೆ ಕಾಯುವವನನ್ನು ನೋಡಿ. ಜಾಣ ರಿಸೀವರ್ ಕೊನೇ ಗಳಿಗೆವರೆಗೂ ಕೈ ಎತ್ತುವುದೇ ಇಲ್ಲ. ಕಾಯುವವನ ಬೆನ್ನು ಬಾಲಿನ ಕಡೆಗಿರುತ್ತೆ, ಅವನು ಇವನ ಕೈ ನೋಡಿಯೇ ಬಾಲ್ ಬಂತೆಂದು ತಿಳಿಯುವುದು. ಕೈ ತಡವಾಗಿ ಎದ್ದರೆ ಅವನಿಗೆ ತಿಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತೆ.

ಸೂಪರ್ ಬೌಲ್ ಭಾರತದಲ್ಲಿ ಎಷ್ಟು ಹೊತ್ತಿಗೆ?

ಫೆಬ್ರುವರಿಯ ಸೋಮವಾರ ಬೆಳಗ್ಗೆ ಐದು ಗಂಟೆಗೆ. ಹಾಲಿನವನು ಬರುವ ಹೊತ್ತು. ಮನೆಯವರು ಎದ್ದೇಳೋ ಮುಂಚೆ ಮೊದಲರ್ಧ ನೋಡಿ ಮುಗಿಸಬಹುದು, ಸೌಂಡ್ ಮಾತ್ರ ಕಡಿಮೆ ಇಟ್ಟುಕೊಳ್ಳಿ.